ಅಕ್ಕಿಯ ಕಂಪು, ಪೀಪಾಯಿಯ ಬಣ್ಣ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯನೊಬ್ಬ ಮದ್ಯದ ಮಾತೆತ್ತಿದನೆಂದು ಹುಬ್ಬು ಗಂಟಿಕ್ಕಬೇಡಿ. ಕುಡಿತದ ಚಟ ಮನೆ ಮುರಿಯುವುದನ್ನು ನಾವೆಲ್ಲರೂ ಕಂಡು ಬಲ್ಲೆವು. ಅದನ್ನು ಹೊಗಳುವ ಉದ್ದೇಶ ನನಗಿಲ್ಲ. ಆದರೆ ಜಪಾನಿನ ಅಕ್ಕಿಯ ಮದ್ಯವೊಂದರ ಕಥೆಯಲ್ಲಿ ಗಡಿಯಾಚೆಯ ಕನ್ನಡಿಗರು ಆಲೋಚಿಸತಕ್ಕ ಸಂಗತಿಯೊಂದಿದೆ.

ಜಪಾನಿನ ಕ್ಯೂಶು ದ್ವೀಪದಲ್ಲಿ, ಕುಮಾಮೊಟೊ ಪ್ರಾಂತದ ಬೆಟ್ಟಗಳ ನಡುವೆ ಕುಮಾ ನದಿ ಹರಿಯುತ್ತದೆ. ಆ ಕಣಿವೆಯಲ್ಲಿ ಅಕ್ಕಿಯಿಂದ ಬಟ್ಟಿ ಇಳಿಸುವ ಮದ್ಯಕ್ಕೆ ಕುಮಾ ಶೋಚು ಎಂದು ಹೆಸರು. ಹಬೆಯಲ್ಲಿ ಬೆಂದ ಅಕ್ಕಿಯ ಮೇಲೆ ಕೋಜಿ ಎಂಬ ಬೂಷ್ಟನ್ನು ಬೆಳೆಸುತ್ತಾರೆ. ಅದು ಅಕ್ಕಿಯ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ತರುವಾಯ ಒಂದೇ ಸಲ ಬಟ್ಟಿ ಇಳಿಸುತ್ತಾರೆ. 1995ರಲ್ಲಿ ಜಪಾನ್ ಸರಕಾರವು ಈ ಹೆಸರನ್ನು ಆ ಸೀಮೆಗೇ ಮೀಸಲಾಗಿರಿಸಿತು.

ಬಟ್ಟಿಯಿಂದ ಇಳಿದಾಗ ಶೋಚು ನೀರಿನಂತೆ ತಿಳಿಯಾಗಿರುತ್ತದೆ. ಕೆಲವರು ಅದನ್ನು ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇರಿಸುತ್ತಾರೆ. ಮರವು ಮೆಲ್ಲನೆ ತನ್ನ ಬಣ್ಣವನ್ನೂ ವೆನಿಲಾದಂತಹ ಕಂಪನ್ನೂ ಅದಕ್ಕೆ ಧಾರೆಯೆರೆಯುತ್ತದೆ. ಹಿಂದೆ ಶೆರಿ ದ್ರಾಕ್ಷಾಮದ್ಯ ತುಂಬಿದ್ದ ಪೀಪಾಯಿಯಾದರೆ ಒಣದ್ರಾಕ್ಷಿಯ ಪರಿಮಳವೂ ಸೇರುತ್ತದೆ.

ಇಂತಹುದರ ರುಚಿ ನೋಡುವ ಪರಿಣತರು ಮೊದಲು ಬಣ್ಣ ನೋಡುತ್ತಾರೆ, ಬಳಿಕ ಮೂಸುತ್ತಾರೆ, ಆಮೇಲೆ ಒಂದು ಗುಟುಕನ್ನು ನಾಲಗೆಯ ಮೇಲೆ ಹೊರಳಿಸಿ ಉಗುಳಿಬಿಡುತ್ತಾರೆ. ತುಸು ನೀರು ಬೆರೆಸಿ ಮತ್ತೆ ಪರೀಕ್ಷಿಸುವುದೂ ಉಂಟು. ನೀರು ಬಿದ್ದಾಗ ಅಡಗಿದ್ದ ಕಂಪು ಹೊರಬರುತ್ತದೆ. ಮರದ ಗಂಧದ ಹಿಂದೆ ಅಕ್ಕಿಯ ಸೌಮ್ಯವಾದ ಸಿಹಿ ಉಳಿದಿದೆಯೇ ಎಂಬುದು ಅವರ ಮುಖ್ಯ ಪ್ರಶ್ನೆ. ಮರವೇ ಎಲ್ಲವನ್ನೂ ನುಂಗಿದ್ದರೆ ಅಕ್ಕಿಯಿಂದ ಮಾಡಿ ಫಲವೇನು?

ಇನ್ನು ಕಥೆಯ ಸ್ವಾರಸ್ಯಕ್ಕೆ ಬರೋಣ. ಶೋಚುವಿನ ಬಣ್ಣಕ್ಕೆ ಜಪಾನಿನ ತೆರಿಗೆ ಕಾನೂನು ಮಿತಿ ಹಾಕಿದೆ. ಉಪಕರಣದಲ್ಲಿ ಅಳೆದಾಗ ಅದು ಬೆಳಕನ್ನು ಹೀರುವ ಮಾನ 0.08ನ್ನು ಮೀರಕೂಡದು, ವಿಸ್ಕಿಯೆಂದು ಯಾರೂ ಭ್ರಮಿಸಬಾರದಲ್ಲ! ಆದಕಾರಣ ಬಣ್ಣವೇರಿದ್ದನ್ನು ಸೋಸಿ, ಇಲ್ಲವೆ ತಿಳಿಯಾದ ಶೋಚು ಬೆರೆಸಿ, ಮಂಕಾಗಿಸಿ ಮಾರುತ್ತಾರೆ. ಅದಕ್ಕೆ ವಿಸ್ಕಿಯೆಂಬ ಹೆಸರೂ ಅಲ್ಲಿ ಸಲ್ಲದು. ವಿಸ್ಕಿಗೆ ಮೊಳಕೆ ಬರಿಸಿದ ಧಾನ್ಯ ಬೇಕೆಂದು ಅಲ್ಲಿನ ಕಾನೂನು. ಅಮೆರಿಕದ ನಿಯಮವೇ ಬೇರೆ. ಧಾನ್ಯದಿಂದ ಬಟ್ಟಿ ಇಳಿಸಿ ಓಕ್ ಪೀಪಾಯಿಯಲ್ಲಿಟ್ಟದ್ದು ಅಲ್ಲಿ ವಿಸ್ಕಿಯೆನಿಸಬಹುದು. ಕುಮಾ ಸೀಮೆಯಲ್ಲಿ 1823ರಲ್ಲಿ ಸ್ಥಾಪಿತವಾದ ಫುಕಾನೊ, 1872ರ ಓಹಿಶಿ ಎಂಬ ಭಟ್ಟಿಗಳ ಪೀಪಾಯಿಯ ಅಕ್ಕಿಮದ್ಯವು ಅಮೆರಿಕದಲ್ಲಿ ವಿಸ್ಕಿಯೆಂಬ ಹೆಸರಿನಲ್ಲೇ, ತನ್ನ ಪೂರ್ಣ ಬಣ್ಣದೊಡನೆ ಮಾರಾಟವಾಗಿದೆ. ಅಕ್ಕಿ ಅದೇ, ನೀರು ಅದೇ, ಪೀಪಾಯಿಯೂ ಅದೇ; ಗಡಿ ದಾಟಿದೊಡನೆ ಹೆಸರು ಮಾತ್ರ ಬೇರೆ.

ಕಾಸರಗೋಡಿನವನಾದ ನನಗೆ ಇದು ಹೊಸ ಮಾತೆನಿಸಲಿಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಗದ್ದೆ, ತೋಟ, ದೇವಸ್ಥಾನ ಇದ್ದಲ್ಲೇ ಇದ್ದವು; ಕಾಗದಪತ್ರಗಳ ಅಕ್ಷರ ಬದಲಾಯಿತು. ಜತ್ತ, ಅಕ್ಕಲಕೋಟೆ, ಮಡಕಶಿರಾ, ತಾಳವಾಡಿಯ ಬಂಧುಗಳಿಗೂ ಈ ಅನುಭವ ಉಂಟು.

ಮಕ್ಕಳು ಮಲಯಾಳವನ್ನೋ ಮರಾಠಿಯನ್ನೋ ಇಂಗ್ಲಿಷನ್ನೋ ಚೆನ್ನಾಗಿ ಕಲಿತರೆ ಕೆಲವು ತಂದೆತಾಯಂದಿರು, ಕೈತಪ್ಪಿ ಹೋದರೆಂದು ಕಳವಳಪಡುತ್ತಾರೆ. ನೆರೆಯ ಭಾಷೆ ಓಕ್ ಪೀಪಾಯಿಯಿದ್ದಂತೆ. ಇದ್ದಲ್ಲಿನ ಬಣ್ಣ ಹತ್ತುವುದು ಸಹಜ, ಅದರಿಂದ ಪಾಕವೂ ಏರೀತು. ಚಿಂತಿಸಬೇಕಾದದ್ದು ಒಳಗಿನ ಅಕ್ಕಿಯ ವಿಷಯ. ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಕನ್ನಡದ ಮಾತಿದೆಯೇ? ಅಜ್ಜಿಗೆ ಮೊಮ್ಮಗಳು ಕನ್ನಡದಲ್ಲಿ ಒಂದು ಕಾಗದ ಬರೆಯಬಲ್ಲಳೇ? ಇವೆರಡಕ್ಕೂ ಹೌದೆನ್ನುವ ಮನೆಯಲ್ಲಿ ಸರಕಾರದ ಚೀಟಿ ಯಾವ ಲಿಪಿಯಲ್ಲಿದ್ದರೂ ಭಯವಿಲ್ಲ.