ತೋಳಿನ ಪಟ್ಟಿ ಎಣಿಸಬೇಡಿ, ಸೇವೆಯ ದಿನ ಎಣಿಸಿ

ಊರಿಗೆ ಬಂದ ಫೌಜಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಏನೋ ತಮ್ಮಾ, ಇನ್ನೂ ಪಟ್ಟಿ ಬಿದ್ದಿಲ್ಲೇನು?" ಚಹಾದಂಗಡಿ ಕಟ್ಟೆಯ ಮೇಲೆ ಕೂತ ಕಾಕಾನೂ ಇದನ್ನೇ ಕೇಳುತ್ತಾನೆ, ಹೆಣ್ಣು ನೋಡಲು ಹೋದ ಮನೆಯಲ್ಲೂ ಇದನ್ನೇ ಕೇಳುತ್ತಾರೆ. ತೋಳಿನ ಮೇಲೆ ಒಂದು ಪಟ್ಟಿ ಇದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಏನೂ ಇಲ್ಲದಿದ್ದರೆ ಅವನು ಬರೀ ಸಿಪಾಯಿ.

ನಮ್ಮ ಭಾಗದ ಒಬ್ಬ ಜವಾನ ಈ ಪ್ರಶ್ನೆಗೆ ಬೇಸತ್ತು ಮೊನ್ನೆ ನಮ್ಮ ಹತ್ತಿರ ಬಂದಿದ್ದ. ಅವನಿರುವುದು ಟೆರಿಟೋರಿಯಲ್ ಆರ್ಮಿಯಲ್ಲಿ, ಅಂದರೆ ಟಿಎಯಲ್ಲಿ. ಸೇರಿ ಒಂಬತ್ತು ವರ್ಷವಾಯಿತು, ಇನ್ನೂ ಸಿಪಾಯಿ. ಅವನ ಯೂನಿಟ್ ಸದ್ಯ ಡ್ಯೂಟಿಯಲ್ಲಿದೆ, ತಿಂಗಳ ಸಂಬಳ ಬರುತ್ತಿದೆ. ಆದರೆ ಬಡ್ತಿಯ ಸಾಲು ಉದ್ದ. ಇನ್ನೊಂದು ಯೂನಿಟ್‌ನಲ್ಲಿ ನಾಯಕ್ ಹುದ್ದೆ ಖಾಲಿ ಇದೆ ಎಂದು ಗೆಳೆಯನೊಬ್ಬ ಹೇಳಿದ್ದಾನೆ. ಆ ಯೂನಿಟ್‌ನ ಹುಡುಗರು ಮಾತ್ರ ವರ್ಷದ ಹೆಚ್ಚು ದಿನ ಮನೆಯಲ್ಲೇ ಇರುತ್ತಾರೆ. ಮನೆಯವರೆಲ್ಲ "ಹೋಗು, ಪಟ್ಟಿ ಸಿಗತದ" ಎನ್ನುತ್ತಿದ್ದಾರೆ.

ಹೋಗಬೇಡ ಎಂದು ನಾವು ಹೇಳಿದೆವು. ಯಾಕೆ ಎಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ, ಯಾಕೆಂದರೆ ಈ ತಪ್ಪು ಲೆಕ್ಕ ಅವನೊಬ್ಬನದಲ್ಲ.

ಮೊದಲು ಟಿಎ ಅಂದರೆ ಏನು ಎಂಬುದು ಸ್ಪಷ್ಟವಾಗಬೇಕು. 1948ರ ಕಾಯ್ದೆಯಿಂದ ಹುಟ್ಟಿದ ಪಡೆ ಇದು. 1949ರ ಅಕ್ಟೋಬರ್ 9ರಂದು ರಾಜಾಜಿ ಉದ್ಘಾಟಿಸಿದರು. ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ 115ನೇ ಬೆಟಾಲಿಯನ್ ಇದೆ, ಪಕ್ಕದ ಕೊಲ್ಹಾಪುರದಲ್ಲಿ ಮರಾಠಾದ 109ನೇ ಬೆಟಾಲಿಯನ್ ಇದೆ, ಬೆಂಗಳೂರಿನಲ್ಲಿ ಪ್ಯಾರಾದ 106ನೇ ಬೆಟಾಲಿಯನ್ ಇದೆ. ಇದು ಕಾಯಂ ಸೈನ್ಯವಲ್ಲ, ಮೀಸಲು ಸೈನ್ಯ. ನಿಮಗೆ ಬೇರೆ ದುಡಿಮೆ ಇರಬೇಕು, ಬಿಡುವಿನಲ್ಲಿ ತರಬೇತಿಗೆ ಬರಬೇಕು, ದೇಶ ಕರೆದಾಗ ಡ್ಯೂಟಿಗೆ ಹೋಗಬೇಕು. ಇದು ಪೂರ್ಣಾವಧಿ ನೌಕರಿಯಲ್ಲ, ಪೆನ್ಷನ್ ಗ್ಯಾರಂಟಿ ಇಲ್ಲ ಎಂದು ಟಿಎ ತಾನೇ ಹೇಳುತ್ತದೆ.

ಭರ್ತಿ ರ‍್ಯಾಲಿಗೆ ರಾತ್ರಿಯೇ ಬಂದು ರಸ್ತೆ ಬದಿಯಲ್ಲಿ ಮಲಗುವ ಹುಡುಗರಲ್ಲಿ ಎಷ್ಟು ಜನರಿಗೆ ಇದು ಗೊತ್ತಿದೆ? "ಮಿಲಿಟರಿ ಪರ್ಮನೆಂಟ್ ನೌಕರಿ" ಎಂದು ಬೋರ್ಡ್ ಹಾಕಿ ಸಾವಿರಾರು ರೂಪಾಯಿ ಫೀ ತೆಗೆದುಕೊಳ್ಳುವ ಅಕಾಡೆಮಿಗಳು ಇದನ್ನು ಹೇಳುವುದಿಲ್ಲ. ಹೇಳಿದರೆ ಅವರ ಅಂಗಡಿ ನಡೆಯುವುದಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಟಿಎಯಲ್ಲಿ ಒಂದು ಪದ ಇದೆ, "ಎಂಬಾಡಿ". ಸೇವೆಗೆ ಕರೆಸಿ, ಸಮವಸ್ತ್ರ ಹಾಕಿಸಿ, ಸಂಬಳ ಕೊಟ್ಟು ದುಡಿಸುವುದು ಅಂತ ಅದರ ಅರ್ಥ. "ಡಿಸ್‌ಎಂಬಾಡಿ" ಅಂದರೆ ಮನೆಗೆ ಕಳಿಸುವುದು. ಎಂಬಾಡಿ ಇದ್ದಾಗ ಕಾಯಂ ಸೈನಿಕನ ಹಾಗೆ ಸಂಬಳ, ರೇಷನ್, ಆಸ್ಪತ್ರೆ, ಕ್ಯಾಂಟೀನ್ ಎಲ್ಲ ಇದೆ. ಮನೆಗೆ ಕಳಿಸಿದ ಮೇಲೆ ಸಂಬಳ ಇಲ್ಲ. ತೋಳಿನ ಮೇಲೆ ಎಷ್ಟು ಪಟ್ಟಿ ಇದ್ದರೂ ಇಲ್ಲ.

ಪೆನ್ಷನ್‌ಗೂ ಇದೇ ಲೆಕ್ಕ. ಟಿಎಯ ಜವಾನನಿಗೆ ಪೆನ್ಷನ್ ಬರಬೇಕಾದರೆ ಎಂಬಾಡಿ ಸೇವೆ ಒಟ್ಟು ಸೇರಿ 15 ವರ್ಷ ಆಗಬೇಕು. ಅಧಿಕಾರಿಗಳಿಗೆ 20 ವರ್ಷ. ಸೇರಿ 15 ವರ್ಷವಾದರೆ ಸಾಲದು, ಡ್ಯೂಟಿ ಮಾಡಿದ ದಿನಗಳು ಕೂಡಿ 15 ವರ್ಷ ಆಗಬೇಕು. ವರ್ಷಕ್ಕೆ ಎರಡು ತಿಂಗಳ ತರಬೇತಿಗಷ್ಟೇ ಕರೆಸುವ ಯೂನಿಟ್‌ನಲ್ಲಿ ನೀವಿದ್ದೀರಿ ಎಂದುಕೊಳ್ಳಿ. ಆ ಅಷ್ಟೂ ದಿನ ಲೆಕ್ಕಕ್ಕೆ ಹಿಡಿದರೂ 20 ವರ್ಷಕ್ಕೆ 40 ತಿಂಗಳು, ಅಂದರೆ 3 ವರ್ಷ 4 ತಿಂಗಳು. ಅದೇ ಗತಿಯಲ್ಲಿ 15 ವರ್ಷ ಕೂಡಿಸಲು 90 ವರ್ಷ ಬೇಕು. ಮೊಮ್ಮಕ್ಕಳೂ ಮುದುಕರಾಗಿರುತ್ತಾರೆ.

ಇದನ್ನು ತಿಳಿದ ಮೇಲೆ ಆ ಹುಡುಗನ ಪ್ರಶ್ನೆಯನ್ನು ಮತ್ತೆ ನೋಡಿ. ಒಂದು ಕಡೆ ಪಟ್ಟಿ ಇಲ್ಲ, ದಿನಗಳು ಕೂಡುತ್ತಿವೆ. ಇನ್ನೊಂದು ಕಡೆ ಪಟ್ಟಿ ಇದೆ, ದಿನಗಳು ನಿಂತುಬಿಡುತ್ತವೆ. ಮನೆಯಲ್ಲಿ ಕೂತ ನಾಯಕ್‌ಗಿಂತ ಡ್ಯೂಟಿಯಲ್ಲಿರುವ ಸಿಪಾಯಿಯ ಹೆಂಡತಿ ಮಕ್ಕಳು ಸುಖವಾಗಿರುತ್ತಾರೆ.

ಯೂನಿಟ್ ಯಾವುದು ಎಂಬುದು ಎಷ್ಟು ದೊಡ್ಡ ವಿಷಯ ಎಂದು 2025ರ ಮೇ ತಿಂಗಳಲ್ಲಿ ಇಡೀ ದೇಶ ನೋಡಿತು. ಪಾಕಿಸ್ತಾನದ ಜೊತೆ ಸಂಘರ್ಷ ನಡೆದಾಗ ಟಿಎಯನ್ನು ಸೇವೆಗೆ ಕರೆಸುವ ಅಧಿಕಾರವನ್ನು ಕೇಂದ್ರ ಸರ್ಕಾರ ಭೂಸೇನೆಯ ಮುಖ್ಯಸ್ಥರಿಗೆ ಕೊಟ್ಟಿತು. ಟಿವಿಯವರು "ಟಿಎ ಬಂತು" ಎಂದು ಕೂಗಿದರು. ಆದರೆ ಆದೇಶದಲ್ಲಿ ಇದ್ದದ್ದು 32 ಪದಾತಿ ಬೆಟಾಲಿಯನ್‌ಗಳ ಪೈಕಿ 14ನ್ನು ಎಂಬಾಡಿ ಮಾಡುವ ಮಾತು. ಅದೂ ಬಜೆಟ್‌ನಲ್ಲಿ ಹಣ ಇದ್ದರೆ ಮಾತ್ರ. ಉಳಿದ 18ರ ಜವಾನರ ದೇಶಭಕ್ತಿ ಏನು ಕಡಿಮೆಯೇ? ಅಲ್ಲ. ಅವರ ಯೂನಿಟ್‌ನ ನಂಬರ್ ಬೇರೆ, ಅಷ್ಟೇ.

ಇಲ್ಲಿ ಯಾರಾದರೂ ಧೋನಿ ಹೆಸರು ತೆಗೆಯುತ್ತಾರೆ. ಹೌದು, ಧೋನಿ 2011ರಲ್ಲಿ ಟಿಎಯಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಆದರು, 2019ರಲ್ಲಿ ಕಾಶ್ಮೀರಕ್ಕೆ ಹೋಗಿ ಬೆಂಗಳೂರಿನ ಅದೇ 106ನೇ ಪ್ಯಾರಾ ಬೆಟಾಲಿಯನ್ ಜೊತೆ ಇದ್ದರು. ಆದರೆ ಧೋನಿಯ ಮನೆ ಒಲೆ ಆ ಸಂಬಳದಿಂದ ಉರಿಯುವುದಿಲ್ಲ. ನಮ್ಮ ಹುಡುಗನ ಮನೆ ಒಲೆ ಅದರಿಂದಲೇ ಉರಿಯುತ್ತದೆ.

ಬಡ್ತಿ ಬೇಡ ಎಂದು ನಾವು ಹೇಳುತ್ತಿಲ್ಲ. ಬಡ್ತಿಯಿಂದ ಸಂಬಳ ಏರುತ್ತದೆ, ಪೆನ್ಷನ್ ಬರುವಂತಾದರೆ ಅದೂ ಏರುತ್ತದೆ, ಮಾನವೂ ಇದೆ. ಆದರೆ ಪೆನ್ಷನ್ ಬಂದರೆ ತಾನೇ ಏರುವುದು? ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ. ಆದ್ದರಿಂದ ಮೊದಲು ದಿನ, ಆಮೇಲೆ ಪಟ್ಟಿ. ಎಂಬಾಡಿ ಸೇವೆ 13–14 ವರ್ಷ ದಾಟಿದವನು ಬಡ್ತಿಗಾಗಿ ಯೂನಿಟ್ ಬದಲಿಸುವ ಯೋಚನೆ ಮಾಡಿದರೆ ಅದರಲ್ಲಿ ಅರ್ಥವಿದೆ, ಹೊಸ ಯೂನಿಟ್‌ನಲ್ಲಿ ಉಳಿದ ದಿನಗಳೂ ತುಂಬುವಂತಿದ್ದರೆ. ಐದಾರು ವರ್ಷವಷ್ಟೇ ಕೂಡಿಸಿದವನು ಪಟ್ಟಿಯ ಹಿಂದೆ ಓಡಿದರೆ ಕೈಗೆ ಬಂದ ತುತ್ತನ್ನು ಚೆಲ್ಲಿದ ಹಾಗೆ. ಪಟ್ಟಿ ಇದ್ದೂ ಮನೆಯಲ್ಲಿ ಕೂತಿರುವವನಿಗೆ ಡ್ಯೂಟಿ ಇರುವ ಯೂನಿಟ್ ಸಿಕ್ಕರೆ, ಸೀನಿಯಾರಿಟಿ ಸ್ವಲ್ಪ ಹೋದರೂ ಹೋಗುವುದೇ ಮೇಲು.

ಇನ್ನೊಂದು ಮಾತು. ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಕೆಲಸ ಇರುವವನನ್ನು ಟಿಎ ಡ್ಯೂಟಿ ಮುಗಿದ ಮೇಲೆ ಮಾಲೀಕ ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದು ಕಾಯ್ದೆಯಲ್ಲೇ ಇದೆ. ಆದರೆ ನಮ್ಮ ಹುಡುಗರ ದುಡಿಮೆ ಎರಡೆಕರೆ ಹೊಲ, ನಾಲ್ಕು ಎಮ್ಮೆ. ಹೊಲಕ್ಕೂ ಎಮ್ಮೆಗೂ ಆ ಕಾಯ್ದೆ ಗೊತ್ತಿಲ್ಲ. ಡ್ಯೂಟಿ ಅಂತ ಎಮ್ಮೆ ಮಾರಿ ಹೋದವನನ್ನು ಆರು ತಿಂಗಳಿಗೆ ವಾಪಸ್ ಕಳಿಸಿದರೆ ಅವನು ಏನು ಮಾಡಬೇಕು? ಯೂನಿಟ್ ಬದಲಿಸುವ ಮುಂಚೆ ಈ ಲೆಕ್ಕವೂ ಆಗಬೇಕು.

ಹಾಗಾಗಿ ಟ್ರಾನ್ಸ್‌ಫರ್ ಅರ್ಜಿಗೆ ಸಹಿ ಹಾಕುವ ಮುಂಚೆ ನಾಲ್ಕು ಮಾತು ಕೇಳಿ. ನನ್ನ ಎಂಬಾಡಿ ಸೇವೆ ಇವತ್ತಿಗೆ ಎಷ್ಟು ವರ್ಷ, ಎಷ್ಟು ತಿಂಗಳು, ಎಷ್ಟು ದಿನ? ಹೋಗುವ ಯೂನಿಟ್ ಕಳೆದ ಐದು ವರ್ಷದಲ್ಲಿ ಎಷ್ಟು ದಿನ ಎಂಬಾಡಿ ಇತ್ತು? ನನ್ನ ಸೀನಿಯಾರಿಟಿ ಜೊತೆಗೆ ಬರುತ್ತದೋ, ಸಾಲಿನ ಕೊನೆಗೆ ನಿಲ್ಲಬೇಕೋ? ಆ ಖಾಲಿ ಹುದ್ದೆ ನಿಜವಾಗಿ ಖಾಲಿ ಇದೆಯೋ, ಬರೀ ಗೆಳೆಯನ ಮಾತೋ? ಉತ್ತರ ಬಾಯಿಮಾತಿನಲ್ಲಿ ಬೇಡ, ಬರವಣಿಗೆಯಲ್ಲಿ ಕೇಳಿ. ನಾವು ಮಾತಾಡಿಸಿದ ಕೆಲವರಿಗೆ ಮೊದಲನೇ ಪ್ರಶ್ನೆಗೇ ಉತ್ತರ ಗೊತ್ತಿರಲಿಲ್ಲ. ಬ್ಯಾಂಕಿನ ಪಾಸ್‌ಬುಕ್ ತಿಂಗಳಿಗೊಮ್ಮೆ ನೋಡುವವರು ತಮ್ಮ ಆಯುಷ್ಯದ ಪಾಸ್‌ಬುಕ್ ನೋಡಿಲ್ಲ.

ಸೇನೆಯನ್ನೂ ಕೇಳುವುದಿದೆ. ಜವಾನ ಕೇಳುವ ತನಕ ಯಾಕೆ ಕಾಯಬೇಕು? ವರ್ಷಕ್ಕೊಮ್ಮೆ ಪ್ರತಿಯೊಬ್ಬನ ಕೈಗೆ ಅವನ ಎಂಬಾಡಿ ದಿನಗಳ ಲೆಕ್ಕದ ಚೀಟಿ ಕೊಡಿ, ಅವನಿಗೆ ತಿಳಿಯುವ ಭಾಷೆಯಲ್ಲಿ. ಭರ್ತಿ ಮೈದಾನದಲ್ಲಿ ದೊಡ್ಡ ಅಕ್ಷರದಲ್ಲಿ ಬೋರ್ಡ್ ಹಾಕಿ, "ಇದು ಕಾಯಂ ನೌಕರಿಯಲ್ಲ" ಎಂದು. ಗಡಿಯಲ್ಲಿ ನಿಲ್ಲಲು ತಯಾರಾಗಿ ಬಂದವನಿಗೆ ಸತ್ಯ ತಡೆದುಕೊಳ್ಳುವ ಗಟ್ಟಿತನವೂ ಇರುತ್ತದೆ.

ಕೊನೆಗೆ ಕಟ್ಟೆಯ ಮೇಲಿನ ಕಾಕಾನಿಗೆ ಒಂದು ಮಾತು. ನಿಮ್ಮ ಪ್ರಶ್ನೆಗೆ ಹೆದರಿ ಹುಡುಗರು ತಪ್ಪು ಹೆಜ್ಜೆ ಇಡುತ್ತಿದ್ದಾರೆ. ಇನ್ನು ಮುಂದೆ "ಪಟ್ಟಿ ಬಿತ್ತೇನು?" ಎನ್ನಬೇಡಿ. "ಎಷ್ಟು ದಿನ ಕೂಡಿದವು, ತಮ್ಮಾ?" ಎಂದು ಕೇಳಿ. ಆಗ ಅವನು ಮನೆಗೆ ಹೋಗಿ ತನ್ನ ಕಾಗದ ತೆಗೆದು ನೋಡುತ್ತಾನೆ.