ನರೆಗೂದಲಿನ ನ್ಯಾಯ

ತಲೆಯ ಒಳಗೆ ಏನಿದೆ ಎಂಬುದನ್ನು ಕುರಿತು ನಮ್ಮ ಜನ ಅಷ್ಟಾಗಿ ವಿಚಾರಿಸುವುದಿಲ್ಲ. ತಲೆಯ ಮೇಲೆ ಏನಿದೆ ಎಂಬ ವಿಷಯದಲ್ಲಿ ಮಾತ್ರ ಪ್ರತಿಯೊಬ್ಬರಿಗೂ ಖಚಿತವಾದ ಅಭಿಪ್ರಾಯವುಂಟು. ಅದರಲ್ಲಿಯೂ ಆ ತಲೆ ಹೆಂಗಸಿನದಾಗಿದ್ದು, ಕೂದಲು ನರೆಯತೊಡಗಿತೆಂದರೆ, ದಾರಿಹೋಕರಿಗೂ ಸಲಹೆ ಕೊಡುವ ಅಧಿಕಾರ ಬಂದುಬಿಡುತ್ತದೆ. ನನಗೆ ಈಗ 47 ವರ್ಷ. ಬೈತಲೆಯ ಇಕ್ಕೆಲದಲ್ಲಿ ಬಿಳಿ ಕೂದಲು ಎರಡು ವರ್ಷಗಳಿಂದ ಸಂಕೋಚವಿಲ್ಲದೆ ಹೆಚ್ಚುತ್ತಿದೆ. ಬಣ್ಣ ಹಚ್ಚುವುದೋ ಬಿಡುವುದೋ ಎಂಬ ಪ್ರಶ್ನೆಯನ್ನು ನಾನು ಎತ್ತುವುದಕ್ಕೆ ಮುಂಚೆಯೇ ಉಳಿದವರೆಲ್ಲ ಎತ್ತಿದರು. ಹಚ್ಚುವುದಿಲ್ಲವೆಂದು ನಾನು ತೀರ್ಮಾನಿಸಿದ್ದೇನೆ. ಇದಕ್ಕೆ ಕಾರಣ ಸೌಂದರ್ಯವಲ್ಲ, ಆರೋಗ್ಯವಲ್ಲ, ವೈರಾಗ್ಯವಂತೂ ಖಂಡಿತ ಅಲ್ಲ. ಇದೊಂದು ನ್ಯಾಯದ ಪ್ರಶ್ನೆ ಎಂಬುದು ನನ್ನ ವಾದ.

ನನ್ನ ತವರೂರು ಕಡಗಂಚಿ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯ ಮೇಲಿನ ಊರು. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ. ಊರಿಗೆ ಹೋದಾಗಲೆಲ್ಲ ನಮ್ಮ ವೈನಿಯವರದು ಒಂದೇ ಮಾತು: "ಯಾಕವ್ವಾ, ಇಟ್ಟು ಜಲ್ದಿ ಮುದುಕಿ ಆಗ್ಲಾಕ ಹೊಂಟೀದಿ? ಒಂದು ಪಾಕೀಟು ತಂದ್ರ ಅರ್ಧಾ ತಾಸಿನ ಕೆಲಸ ಅದ." ಅವರ ಪಕ್ಕದಲ್ಲಿಯೇ ಕುಳಿತಿರುವ ಅಣ್ಣನ ತಲೆ ಬಿರಿದ ಹತ್ತಿಯ ಹೊಲದಂತೆ ಬೆಳ್ಳಗಾಗಿದೆ. ಅದನ್ನು ತೋರಿಸಿದರೆ, "ಅವರದೇನ್ರೀ, ಗಂಡಸರು!" ಎಂದು ನಗುತ್ತಾರೆ. ವೈನಿಯವರು ಒಂದೇ ಮಾತಿನಲ್ಲಿ ಇಡೀ ಸಮಾಜಶಾಸ್ತ್ರವನ್ನು ಹೇಳಿ ಮುಗಿಸಿದರು. ಗಂಡಸಿನ ನರೆಗೆ ಅನುಭವವೆಂದು ಹೆಸರು. ಹೆಂಗಸಿನ ನರೆಗೆ ಅಲಕ್ಷ್ಯವೆಂದು ಹೆಸರು. ಕೂದಲು ಒಂದೇ, ಬಣ್ಣ ಒಂದೇ, ಓದುವ ಕಣ್ಣು ಬೇರೆ.

ಇದು ಇಂದಿನ ರೋಗವಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ, ತಲೆ ನರೆತವನಿಗೆ ಹೂವು, ಗಂಧ, ಒಡವೆ ಯಾವುದೂ ಒಪ್ಪುವುದಿಲ್ಲವೆಂದು ತೀರ್ಪಿತ್ತು, ಕೂಡಲೆ ಮದ್ದನ್ನೂ ಹೇಳುತ್ತಾನೆ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಕಬ್ಬಿಣದ ಪುಡಿಯೊಂದಿಗೆ ಹುಳಿಯಲ್ಲಿ ಬೇಯಿಸಿ, ನುಣ್ಣಗೆ ಅರೆದು, ತಲೆಗೆ ಬಳಿದು, ಹಸಿ ಎಲೆ ಸುತ್ತಿಕೊಂಡು ಗಂಟೆಗಟ್ಟಲೆ ಕುಳಿತಿರಬೇಕು. ಇಂದಿನ ಪಾಕೀಟು ಈ ಕಷ್ಟವನ್ನು ಅರ್ಧ ತಾಸಿಗೆ ಇಳಿಸಿದೆ. ಅಷ್ಟೇ ನಮ್ಮ ಪ್ರಗತಿ.

ಆದರೆ ನಮ್ಮ ಹಳಬರಲ್ಲಿ ಇನ್ನೊಂದು ದೃಷ್ಟಿಯೂ ಇತ್ತು. ಜಾತಕ ಕಥೆಯ ಮಖಾದೇವ ರಾಜನು, ತಲೆಯಲ್ಲಿ ನರೆ ಕಂಡೊಡನೆ ತಿಳಿಸಬೇಕೆಂದು ತನ್ನ ಕ್ಷೌರಿಕನಿಗೆ ಅಪ್ಪಣೆ ಮಾಡಿದ್ದನು. ಒಂದು ಬಿಳಿ ಕೂದಲು ಕಂಡದ್ದೇ ತಡ, ರಾಜ್ಯವನ್ನು ಮಗನಿಗೆ ಒಪ್ಪಿಸಿ ಹೊರಟನು. ಕಾಳಿದಾಸನ ರಘುವಂಶದಲ್ಲಿ ದಶರಥನ ಕಿವಿಯ ಬಳಿಯ ನರೆಯೇ ರಾಮನಿಗೆ ಪಟ್ಟ ಕಟ್ಟೆಂದು ಪಿಸುಗುಟ್ಟುತ್ತದೆ. ನರೆ ಕೆನ್ನೆಗೆ ಇಳಿಯುವ ಮುಂಚೆಯೇ ಮಾಡಬೇಕಾದುದನ್ನು ಮಾಡೆಂದು ಬಸವಣ್ಣನವರೂ ಎಚ್ಚರಿಸಿದರು. ಇವರಾರಿಗೂ ನರೆ ನಾಚಿಕೆಯ ವಸ್ತುವಾಗಿರಲಿಲ್ಲ. ಅದು ಕಾಲ ಕಳುಹಿಸಿದ ಓಲೆ. ಆದರೆ ಗಮನಿಸಿ: ಆ ಅರಸರು ತಮ್ಮ ನರೆಯನ್ನು ತಾವೇ ಓದಿಕೊಂಡು ತಾವಾಗಿ ಪೀಠದಿಂದ ಇಳಿದರು. ಇಂದು ಹೆಂಗಸಿನ ನರೆಯನ್ನು ಓದುವವರು ಬೇರೆಯವರು. ಪೀಠದಿಂದ ಇಳಿಸುವವರೂ ಅವರೇ.

ಇದು ಬರಿಯ ಮಾತಲ್ಲ. ಕೆನಡಾದ ಸಿಟಿವಿ ವಾಹಿನಿಯಲ್ಲಿ 35 ವರ್ಷ ದುಡಿದ ಲಿಸಾ ಲಾಫ್ಲಾಮ್ ಎಂಬ ಪ್ರಧಾನ ವಾರ್ತಾವಾಚಕಿ, 2020ರ ಕೊರೊನಾ ದಿನಗಳಲ್ಲಿ ಕೂದಲಿಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿ ಬೆಳ್ಳಿಗೂದಲಿನಲ್ಲಿಯೇ ವಾರ್ತೆ ಓದಿದರು. 2022ರಲ್ಲಿ, ಅವರಿಗೆ 58 ವರ್ಷವಾಗಿದ್ದಾಗ, ವಾಹಿನಿ ಅವರ ಒಪ್ಪಂದವನ್ನು ಕೊನೆಗೊಳಿಸಿತು. ಬಿಳಿ ಕೂದಲೇ ಕಾರಣವೆ ಎಂದು ಜನ ಕೇಳಿದರು; ಅಲ್ಲವೆಂದು ಸಂಸ್ಥೆ ಹೇಳಿತು. ಅದು ಹೇಗೇ ಇರಲಿ, ಅದೇ ಪೀಠದಲ್ಲಿ ಅವರಿಗಿಂತ ಮುಂಚೆ ಕುಳಿತಿದ್ದ ಲಾಯ್ಡ್ ರಾಬರ್ಟ್‌ಸನ್ 2011ರಲ್ಲಿ ನಿವೃತ್ತರಾದಾಗ ಅವರ ವಯಸ್ಸು 77. ಆ ಮನುಷ್ಯನ ಕೂದಲು ಯಾವ ದೇಶದಲ್ಲಿಯೂ ಚರ್ಚೆಯ ವಿಷಯವಾಗಲಿಲ್ಲ.

"ಬಣ್ಣ ಹಚ್ಚಿಕೊಂಡರೆ ಆತ್ಮವಿಶ್ವಾಸ ಬರುತ್ತದೆ" ಎನ್ನುತ್ತಾರೆ ಕೆಲವರು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬುಡದಲ್ಲಿ ಬಿಳುಪು ಇಣುಕಿದೊಡನೆ ಮತ್ತೆ ಬಣ್ಣ. 45ರಲ್ಲಿ ಆರಂಭಿಸಿ 65ರವರೆಗೆ ತಿಂಗಳಿಗೊಮ್ಮೆ ಹಚ್ಚಿದರೆ 240 ಸಲವಾಯಿತು. ನಾಲ್ಕು ವಾರಕ್ಕೊಮ್ಮೆ ಬುಡದಿಂದ ಕರಗಿಹೋಗುವ ವಸ್ತುವಿಗೆ ಆತ್ಮವಿಶ್ವಾಸವೆಂದು ಹೆಸರಿಡುವುದು ಭಾಷೆಗೆ ಮಾಡುವ ಅನ್ಯಾಯ. ಅದು ಅಂಜಿಕೆ, ಕಂತಿನ ಮೇಲೆ ತೀರಿಸುವ ಅಂಜಿಕೆ.

ಎದುರು ಪಕ್ಷದವರನ್ನೂ ನಾನು ಬಿಡುವವಳಲ್ಲ. "ಬಿಳಿ ಕೂದಲೇ ಚೆಂದ, ಸಹಜವೇ ಸುಂದರ" ಎಂದು ಉಪದೇಶಿಸುವವರು ಈಗ ನಗರಗಳಲ್ಲಿ ಹುಟ್ಟಿಕೊಂಡಿದ್ದಾರೆ. ಅವರಲ್ಲಿ ಕೆಲವರ ಬೆಳ್ಳಿಗೂದಲನ್ನು ಕತ್ತರಿಸಿ, ಮಿರುಗಿಸಿ ಸಜ್ಜುಗೊಳಿಸಲು ತಗಲುವ ಖರ್ಚಿನಲ್ಲಿ ನಮ್ಮ ಕಡೆಯ ಒಂದು ಸಂಸಾರಕ್ಕೆ ತಿಂಗಳ ತೊಗರಿಬೇಳೆ ಬರುತ್ತದೆ. ಕಪ್ಪನ್ನು ಮಾರುವ ಅಂಗಡಿಯೇ ನಾಳೆ ಬಿಳುಪನ್ನೂ ಮಾರುತ್ತದೆ. ನರೆ ಚೆಂದವಾಗಿರಲೇಬೇಕೆಂಬ ಹಟ ನನಗಿಲ್ಲ. ಚೆಂದವಿಲ್ಲದಿದ್ದರೂ ಅದಕ್ಕೆ ಇರುವ ಹಕ್ಕುಂಟು, ಅಷ್ಟು ಸಾಕು.

ಬಣ್ಣವೆಲ್ಲ ಸುಳ್ಳೆಂದೂ ನಾನು ಹೇಳುವುದಿಲ್ಲ. ಕಲಬುರಗಿಯ ಬಂದೇನವಾಜರ ದರ್ಗಾದ ಸುತ್ತಲೂ ಮದರಂಗಿಯಿಂದ ಗಡ್ಡ ಕೆಂಪಾಗಿಸಿಕೊಂಡ ಹಿರಿಯರನ್ನು ಕಾಣಬಹುದು. ಆ ಕೆಂಪನ್ನು ನೋಡಿ, ಇವರು ಇಪ್ಪತ್ತೈದರ ತರುಣರೆಂದು ಯಾರೂ ಮೋಸಹೋಗುವುದಿಲ್ಲ. ಅದು ಮುಪ್ಪನ್ನು ಅಡಗಿಸದೆ ಸಿಂಗರಿಸುತ್ತದೆ. ಇನ್ನು ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿ ಇರುವ ಪಿ-ಫೆನಿಲೀನ್‌ಡೈಅಮೀನ್ ಎಂಬ ರಾಸಾಯನಿಕವನ್ನು ಅಮೆರಿಕದ ಚರ್ಮತಜ್ಞರ ಸಂಘವೊಂದು 2006ರ 'ವರ್ಷದ ಅಲರ್ಜಿಕಾರಕ' ಎಂದು ಸಾರಿತು. ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲಿಯೂ ಅದು ಇರುವುದುಂಟು. ಕೆಲವರಿಗೆ ನೆತ್ತಿ ತುರಿಸಿ, ಮುಖ ಬಾತುಕೊಳ್ಳುತ್ತದೆ. ಆದರೂ ನನ್ನ ವಾದವನ್ನು ನಾನು ಇದರ ಮೇಲೆ ನಿಲ್ಲಿಸುವುದಿಲ್ಲ. ನಾಳೆ ಯಾರಾದರೂ ಪೂರ್ಣ ನಿರಪಾಯವಾದ ಬಣ್ಣವನ್ನು ಕಂಡುಹಿಡಿದರೆ ನನ್ನ ವಾದ ಬಿದ್ದುಹೋಗಬಾರದಷ್ಟೆ.

ಹಾಗಾದರೆ ಅದು ನಿಂತಿರುವುದು ಎಲ್ಲಿ? ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಿಂದ ದುಡಿಯಲು ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಹೋಗುವ ಜನರನ್ನು ನೋಡಿ. ಬೆಳಗಾದರೆ ನಾಕಾದಲ್ಲಿ ನಿಲ್ಲಬೇಕು. ಗುತ್ತೇದಾರನ ಕಣ್ಣು ಮೊದಲು ತೋಳಿನ ಮೇಲೆ, ಆಮೇಲೆ ತಲೆಯ ಮೇಲೆ. ತಲೆ ಬೆಳ್ಳಗಿದ್ದರೆ ಕಣ್ಣು ಪಕ್ಕದವನ ಕಡೆ ಸರಿಯುತ್ತದೆ. ಅಂಥ ಗಾರೆ ಕೆಲಸದವನು, ಅಂಥ ಕೂಲಿಯ ಹೆಂಗಸು ಒಂದು ಪಾಕೀಟು ತಂದು ತಲೆಗೆ ಬಳಿದುಕೊಂಡರೆ, ಅವರ ವಿರುದ್ಧ ನನ್ನ ಬಾಯಿಂದ ಒಂದು ಮಾತೂ ಹೊರಡದು. ಅದು ಅಲಂಕಾರವಲ್ಲ, ಸನಿಕೆ, ಪುಟ್ಟಿಗಳಂತೆ ದುಡಿಮೆಯ ಸಲಕರಣೆ. ಇಪ್ಪತ್ತರಲ್ಲಿಯೇ ಕೂದಲು ನರೆತ ಹುಡುಗಿಯ ಮಾತೂ ಬೇರೆ. ಆಕೆ ಅಡಗಿಸುವುದು ಮುಪ್ಪನ್ನಲ್ಲ, ಏಕೆಂದರೆ ಅವಳಿಗೆ ಮುಪ್ಪು ಬಂದೇ ಇಲ್ಲ.

ನನ್ನ ಜಗಳವಿರುವುದು ನಮ್ಮಂಥವರೊಡನೆ. ನಾನು ಕಲಬುರಗಿಯಲ್ಲಿ ಸರಕಾರಿ ಶಾಲೆಯೊಂದರ ಶಿಕ್ಷಕಿ. ನನ್ನ ಹುಟ್ಟಿದ ತಾರೀಖು ಸೇವಾ ಪುಸ್ತಕದಲ್ಲಿದೆ. ಇಲಾಖೆಗೆ ಗೊತ್ತು, ಖಜಾನೆಗೆ ಗೊತ್ತು, ವಿಮೆಯವರಿಗೆ ಗೊತ್ತು. ನನಗೆ 60 ತುಂಬುವ ತಿಂಗಳು ಬಂದಾಗ ಸರಕಾರ ಕೂದಲನ್ನು ನೋಡಿ ಬಿಡುವುದೂ ಇಲ್ಲ, ಇಟ್ಟುಕೊಳ್ಳುವುದೂ ಇಲ್ಲ. ನರೆಯಿಂದ ನನ್ನ ಸಂಬಳದಲ್ಲಿ ಒಂದು ಕಾಸೂ ಕಡಿಮೆಯಾಗದು. ಹೀಗಿರುವಾಗ ನಾನೂ ಬಣ್ಣ ಹಚ್ಚಿದರೆ ಆಗುವುದೇನು? ಐವತ್ತರ ಹೆಂಗಸಿನ ತಲೆ ಕಪ್ಪಾಗಿಯೇ ಇರಬೇಕೆಂಬ ಕಟ್ಟಳೆಗೆ ನನ್ನದೂ ಒಂದು ಕಲ್ಲು ಸೇರುತ್ತದೆ. ಆ ಗೋಡೆ ಎತ್ತರವಾದಷ್ಟೂ ಅದನ್ನು ಹತ್ತಬೇಕಾದವಳು ನಾನಲ್ಲ. ಖಾಸಗಿ ಅಂಗಡಿಯಲ್ಲಿ ನಿಂತು ಮಾರುವವಳು, ಸ್ವಾಗತದ ಮೇಜಿನ ಹಿಂದೆ ಕೂರುವವಳು, ನಾಕಾದಲ್ಲಿ ಕಾಯುವವಳು. ಭದ್ರವಾಗಿರುವವರು ಅಡಗಿಸಿಟ್ಟ ನರೆಯ ದಂಡವನ್ನು ಭದ್ರತೆಯಿಲ್ಲದವರು ತೆರುತ್ತಾರೆ.

"ನಿಮಗೇನು, ಕಾಯಂ ನೌಕರಿ ಇದೆ, ಎಷ್ಟು ಬೇಕಾದರೂ ಮಾತನಾಡಬಹುದು" ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಹಂಗಿಸಿದರು. ನಾನು ಹೇಳುವುದೂ ಅದನ್ನೇ! ಕಾಯಂ ನೌಕರಿ ಇರುವುದರಿಂದಲೇ ಮಾತನಾಡಬೇಕು. ಕಳೆದುಕೊಳ್ಳುವುದು ಏನೂ ಇಲ್ಲದವರು ಮೊದಲು ಹೆಜ್ಜೆ ಇಡದೆ, ಎಲ್ಲವನ್ನೂ ಕಳೆದುಕೊಳ್ಳುವವರು ಇಡಲೆಂದು ಕಾಯುವುದು ಎಲ್ಲಿಯ ಧರ್ಮ? ನನ್ನ ತರಗತಿಯ ಹೆಣ್ಣುಮಕ್ಕಳು ನರೆತ ಹೆಂಗಸರನ್ನು ಮನೆಯ ಮೂಲೆಯಲ್ಲಿ ಕಂಡಿದ್ದಾರೆ, ಗುಡಿಯ ಕಟ್ಟೆಯ ಮೇಲೆ ಕಂಡಿದ್ದಾರೆ. ಕರಿಹಲಗೆಯ ಮುಂದೆ ನಿಂತು ಬೀಜಗಣಿತ ಹೇಳುವ ನರೆಗೂದಲನ್ನೂ ಅವರು ಕಾಣಲಿ. ನರೆತ ಮೇಲೂ ಹೆಣ್ಣಿಗೆ ಕೆಲಸವಿದೆ, ಮಾತಿದೆ, ಸ್ಥಾನವಿದೆ ಎಂಬುದನ್ನು ಯಾವ ಪಾಠಪುಸ್ತಕವೂ ಇದಕ್ಕಿಂತ ಚೆನ್ನಾಗಿ ಕಲಿಸಲಾರದು.

ಓದುಗರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ತಿಂಗಳ ಸಂಬಳವೋ ಪಿಂಚಣಿಯೋ ಖಾತ್ರಿ ಇರುವ ಅಕ್ಕಂದಿರೇ, ಒಂದು ವರ್ಷ ಪಾಕೀಟನ್ನು ಅಂಗಡಿಯಲ್ಲಿಯೇ ಬಿಡಿ. ತಮ್ಮ ತಲೆ ಬೆಳ್ಳಗಾಗಿದ್ದರೂ ಹೆಂಡತಿಗೆ ಮಾತ್ರ ಬಣ್ಣ ತಂದುಕೊಡುವ ಮಹನೀಯರೇ, ಆ ಉಪಕಾರವನ್ನು ನಿಲ್ಲಿಸಿ. ನೌಕರಿ ಕೊಡುವ ಯಜಮಾನರೇ, ಎದುರಿಗೆ ನಿಂತವಳ ಕೈಕೆಲಸವನ್ನು ನೋಡಿ, ಬೈತಲೆಯನ್ನು ನೋಡಬೇಡಿ. ನಾಕಾದಲ್ಲಿ ನಿಂತ ಹೆಂಗಸು ಪಾಕೀಟಿಗೆ ಹಾಕುವ ಹಣದಲ್ಲಿ ಎಂದು ತನ್ನ ಮಗುವಿಗೆ ಹಾಲು ಕೊಳ್ಳುತ್ತಾಳೋ, ಅಂದು ಕೂದಲು ಹೇಗಿರಬೇಕೆಂಬುದು ನಿಜವಾಗಿಯೂ ಅವರವರ ಇಷ್ಟವಾಗುತ್ತದೆ. ಅಲ್ಲಿಯವರೆಗೆ ಅದು ನಮ್ಮೆಲ್ಲರ ಲೆಕ್ಕ.