ರಾಮನ್ ಬೆಳಕು ನಮ್ಮ ವಿದ್ಯಾರ್ಥಿಗಳಿಗೂ ಕಾಣಲಿ

ರಾಜಾಜಿನಗರ, ವಿಜಯನಗರಗಳ ಅನೇಕ ಮನೆಗಳ ಕಪಾಟುಗಳಲ್ಲಿ, ಬರೆದು, ಅಳಿಸಿ, ಪುನಃ ಬರೆಯಬಹುದಾದ ಹಳೆಯ ಡಿಸ್ಕುಗಳು ಇನ್ನೂ ಬಿದ್ದಿರಬಹುದು. ಬಳಪವಿಲ್ಲದೆ ಬರೆದು ಬಟ್ಟೆಯಿಲ್ಲದೆ ಒರೆಸುವ ಈ ಕೆಲಸ ನಡೆಯುವುದು ಹೇಗೆ?

ಇಂಥ ಒಂದು ಬಗೆಯ ತಟ್ಟೆಯಲ್ಲಿ ಜರ್ಮೇನಿಯಮ್, ಆಂಟಿಮನಿ, ಟೆಲ್ಯುರಿಯಮ್ ಎಂಬ ಧಾತುಗಳ ತೆಳುಪದರವಿದೆ. ಲೇಸರ್ ಕಿರಣದಿಂದ ಅದನ್ನು ಕ್ಷಣಮಾತ್ರ ಕರಗಿಸಿ ಥಟ್ಟನೆ ತಣಿಸಿದರೆ, ಪರಮಾಣುಗಳು ಸಾಲುಗೂಡಲು ಅವಕಾಶ ಸಾಲದೆ ಗಾಜಿನಂತೆ ಅಸ್ತವ್ಯಸ್ತವಾಗಿ ನಿಲ್ಲುತ್ತವೆ. ಹದವಾಗಿ, ಸುಮಾರು 150 ಡಿಗ್ರಿ ಸೆಲ್ಸಿಯಸ್ ಮೀರುವಂತೆ ಕಾಯಿಸಿದರೆ ಸ್ಫಟಿಕದ ಶಿಸ್ತಿಗೆ ಮರಳುತ್ತವೆ. ಸ್ಫಟಿಕವು ಬೆಳಕನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ, ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುತ್ತದೆ. ಗಾಜಿನ ಸ್ಥಿತಿಯಲ್ಲಿ ಎರಡೂ ಕಡಮೆ. ಈ ಭೇದವೇ ಇಲ್ಲಿ ಲಿಪಿ. ಇವೇ ಅವಸ್ಥಾಂತರ ದ್ರವ್ಯಗಳು.

ಕಣ್ಣಿಗೆ ಕಾಣದ ಈ ಜೋಡಣೆಯನ್ನು ತಿಳಿಯುವುದೆಂತು? ಮಡಕೆ ಕೊಳ್ಳುವವರು ಬೆರಳಿನಿಂದ ತಟ್ಟಿ, ನಾದದಿಂದಲೇ ಬಿರುಕನ್ನು ಅರಿಯುತ್ತಾರಷ್ಟೆ? ರಾಮನ್ ರೋಹಿತವೂ ಅಂಥದೇ. ಏಕವರ್ಣದ ಬೆಳಕನ್ನು ದ್ರವ್ಯದ ಮೇಲೆ ಬೀರಿದಾಗ, ಸುಮಾರು ಕೋಟಿಗೊಂದು ಬೆಳಕಿನ ಕಣ ಮಾತ್ರ ಪರಮಾಣುಗಳ ಕಂಪನದೊಡನೆ ಶಕ್ತಿಯ ಕೊಡುಕೊಳೆ ನಡೆಸಿ, ಬಣ್ಣ ಬದಲಿಸಿ ಹೊರಬರುತ್ತದೆ. ಆ ಬದಲಾವಣೆಯೇ ಒಳಗಿನ ಬಂಧಗಳ ನಾದ. ಗಾಜಿನ ಸ್ಥಿತಿಯಲ್ಲಿ ಅಗಲವಾದ ಪಟ್ಟೆಗಳು ತೋರುತ್ತವೆ. ಸ್ಫಟಿಕವಾದೊಡನೆ ಅವುಗಳ ಸ್ಥಾನವೂ ಆಕಾರವೂ ಬದಲಾಗುತ್ತವೆ.

ಇದರಲ್ಲೊಂದು ಸ್ವಾರಸ್ಯವಿದೆ. ದೋಷವಿಲ್ಲದ ಕಲ್ಲುಪ್ಪಿನ ಹರಳಿನಲ್ಲಿ ಜೋಡಣೆಯ ಸಮಮಿತಿಯಿಂದಾಗಿ ಮೊದಲ ಶ್ರೇಣಿಯ ರಾಮನ್ ಚೆದರಿಕೆ ಉಂಟಾಗುವಂತಿಲ್ಲ. ಅದರ ಮಂದವಾದ ಎರಡನೆಯ ಶ್ರೇಣಿಯ ರೋಹಿತವನ್ನು 1940ರ ದಶಕದಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಆರ್. ಎಸ್. ಕೃಷ್ಣನ್ ಅವರು ಪಾದರಸದ ದೀಪದ ಬೆಳಕಿನಲ್ಲಿ ಅಭ್ಯಸಿಸಿದರು. ತಟ್ಟೆಯ ಸ್ಫಟಿಕವೂ ಕಲ್ಲುಪ್ಪಿನ ಮಾದರಿಯದೇ. ಆದರೂ ಅದು ಪಟ್ಟೆಗಳನ್ನು ತೋರುತ್ತದೆ. ಎಂದರೆ, ಶಿಸ್ತಿನೊಳಗೂ ಅಶಿಸ್ತು ಅಡಗಿದೆ. ಜರ್ಮೇನಿಯಮ್ ಮತ್ತು ಆಂಟಿಮನಿಗಳಿಗೆ ಮೀಸಲಾದ ಐದು ಸ್ಥಾನಗಳಲ್ಲಿ ಒಂದು ಬರಿದಾಗಿರುತ್ತದೆ.

ಈ ವಿದ್ಯೆಗೂ ಬೆಂಗಳೂರಿಗೂ ಹಳೆಯ ನಂಟು. ಕಲ್ಕತ್ತೆಯಲ್ಲಿ 1928ರ ಫೆಬ್ರವರಿ 28ರಂದು ಕಂಡ ಪರಿಣಾಮವನ್ನು ರಾಮನ್ ಅವರು ಅದೇ ಮಾರ್ಚ್ 16ರಂದು ಇಲ್ಲಿಯ ಉಪನ್ಯಾಸದಲ್ಲಿ ವಿವರಿಸಿದರು. 1987ರಿಂದ ಆ ಫೆಬ್ರವರಿಯ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತೇವೆ. ಹಾರ, ಭಾಷಣಗಳಿಗೆ ಕೊರತೆಯಿಲ್ಲ. ಆದರೆ ವಿಜ್ಞಾನವನ್ನು ಓದುವ ಎಳೆಯರು ಆ ಬೆಳಕನ್ನು ಸ್ವತಃ ಕಾಣದಿದ್ದರೆ ಆಚರಣೆಯಿಂದ ಫಲವೇನು?

ಉಪಕರಣ ದುಬಾರಿ ಎಂದು ಕೆಲವರು ಆಕ್ಷೇಪಿಸಬಹುದು. ನಿಜ; ಆದರೆ ರಾಜಾಜಿನಗರದಿಂದ ಕೆಂಗೇರಿಯವರೆಗಿನ ಕಾಲೇಜುಗಳು ಕೂಡಿ ಒಂದನ್ನು ಕೊಂಡು, ಸರದಿಯಂತೆ ಬಳಸಬಾರದೇಕೆ? ಮೊದಲ ಪ್ರಯೋಗಗಳಿಗೆ ಸೂರ್ಯನ ಬೆಳಕು, ಬಣ್ಣದ ಗಾಜು ಮತ್ತು ಪಳಗಿದ ಕಣ್ಣು ಸಾಕಾಗಿದ್ದುವು.

ಲಾಭವು ರೋಹಿತವನ್ನು ಕಾಣುವುದಷ್ಟೇ ಅಲ್ಲ. ಲೇಸರ್ ಪ್ರಖರವಾದರೆ, ಪರೀಕ್ಷಿಸಲು ಇಟ್ಟ ಗಾಜೇ ಕಾದು ಸ್ಫಟಿಕವಾಗಿಬಿಡುತ್ತದೆ. ನೋಡುವ ಕ್ರಿಯೆಯೇ ನೋಟವನ್ನು ಕೆಡಿಸುತ್ತದೆ. ರೋಹಿತವೊಂದರಿಂದಲೇ ರಚನೆಯನ್ನು ನಿರ್ಣಯಿಸದೆ, ಕ್ಷ-ಕಿರಣದ ಸಾಕ್ಷ್ಯವನ್ನೂ ಕೇಳಬೇಕಾಗುತ್ತದೆ. ತನ್ನ ಫಲಿತಾಂಶವನ್ನು ತಾನೇ ಶಂಕಿಸುವ ಈ ಎಚ್ಚರ ಪಠ್ಯಪುಸ್ತಕದಿಂದ ಬರುವುದಲ್ಲ, ಕೈಯಿಂದ ಮಾಡಿ ಕಲಿಯತಕ್ಕದ್ದು. ರಾಮನ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವವೂ ಅದೇ.